ಬಾಲ ಮುಚ್ಚಿಟ್ಟ ಫೈಲು

ವಿಜಯಪುರದಾಗ ಝೆರಾಕ್ಸ್ ಅಂಗಡ್ಯಾಗ ಪೆನ್‌ಡ್ರೈವ್ ಚುಚ್ಚಿ ತಂದ್ರ ವೈರಸ್ ಹತ್ತಿ ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿರ್ತಾವ. ಅದು ಹಳೇ ಗೋಳು ಬಿಡ್ರಿ. ಈಗಿಂದು ಮೇಲ್‌ನ್ಯಾಗ ಬರೋ ‘ಕರೆಂಟ್ ಬಿಲ್.ಪಿಡಿಎಫ್’. ಅದರ ಹಿಂದ ‘.ಇಎಕ್ಸ್‌ಇ’ ಅನ್ನೋ ಬಾಲ ಇರ್ತದ, ಅಂದ್ರ ಅದು ಬಿಲ್ ಅಲ್ಲ, ಒತ್ತಿದ್ರ ಓಡೋ ಪ್ರೋಗ್ರಾಂ; ಆ ಬಾಲಾನ ವಿಂಡೋಸ್ ತಾನಾಗೇ ಮುಚ್ಚಿಡ್ತದ. ಯಾಕ ಮುಚ್ಚಬೇಕ್ರಿ? ಕಳ್ಳನ ಕೈಯಾಗ ಕೀಲಿ ಕೊಟ್ಟಂಗ! ವಿಂಡೋಸ್ 11ರಾಗ ಫೈಲ್ ಎಕ್ಸ್‌ಪ್ಲೋರರ್ ತಗದು ವ್ಯೂ, ಆಮ್ಯಾಲ ಶೋ, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಒತ್ತ್ರಿ, ಬಾಲ ಕಾಣ್ತದ. ಜಿಪ್ ಫೈಲಿನ ಪಾಸ್‌ವರ್ಡ್ ಅದೇ ಮೇಲ್‌ನ್ಯಾಗ ಕೊಟ್ಟಿದ್ರ ಮುಟ್ಟಬ್ಯಾಡ್ರಿ. ಬೀಗ ಹಾಕಿದ ಜಿಪ್ ಒಳಗ ಆಂಟಿವೈರಸ್‌ಗೆ ಇಣುಕಾಕ ಬರೂದಿಲ್ಲ, ಅದಕ್ಕೇ ಹಂಗ ಕಳಸ್ತಾರ. ಇನ್ನ ವರ್ಡ್ ಫೈಲಿನ ಹಳದಿ ಪಟ್ಟ್ಯಾಗ ‘ಎನೇಬಲ್ ಕಂಟೆಂಟ್’ ಕಂಡ್ರ ಸಾಕು, ಸಂತ್ಯಾಗ ಕೊಸರು ಸಿಕ್ಕಂಗ ಒತ್ತೇಬಿಡ್ತಾರ! ಒತ್ತಿದ್ರ ಫೈಲಿನೊಳಗ ಅಡಗಿದ ಮ್ಯಾಕ್ರೊ, ಅಂದ್ರ ಸಣ್ಣ ಪ್ರೋಗ್ರಾಂ, ಓಡಾಕ ಹತ್ತತದ.