ಓದುಗರ ಹಿತದೃಷ್ಟಿಯಿಂದ ಮುಚ್ಚಲಾಗಿದೆ

ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ದುಂಡನೆಯ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಓದುಗರಿಗೆ ಇನ್ನೂ ಉತ್ತಮ ಸೇವೆ ಒದಗಿಸುವ ಸಲುವಾಗಿ ಗ್ರಂಥಪಾಲಕರು ವೃತ್ತಿಪರ ತರಬೇತಿಗೆ ತೆರಳಿರುವುದರಿಂದ ಮೂರು ದಿನ ಯಾವ ಸೇವೆಯೂ ಇರುವುದಿಲ್ಲ.’ ಆ ವಾಕ್ಯವನ್ನು ನಾನು ಎರಡು ಸಲ ಓದಿದೆ. ಓದಲೆಂದು ಬಂದವನಿಗೆ ಅಂದು ಹೊರಗೆ ಸಿಕ್ಕಿದ್ದು ಅದೊಂದೇ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂದು ಹೇಳುತ್ತದೆ. ತರಬೇತಿಯ ಮೊದಲ ಉಪನ್ಯಾಸ ಈ ಸೂತ್ರದ ಮೇಲೆಯೇ ಇತ್ತೆಂದೂ, ಉದ್ಘಾಟಕರು ಬರುವುದು ತಡವಾದ ಕಾರಣ ಅದು ಎರಡು ಗಂಟೆ ತಡವಾಗಿ ಆರಂಭವಾಯಿತೆಂದೂ ಗ್ರಂಥಪಾಲಕರು ಹಿಂದಿರುಗಿದ ಮೇಲೆ ಯಾವ ಮುಜುಗರವೂ ಇಲ್ಲದೆ ತಿಳಿಸಿದರು. ಆದರೂ ಸೂತ್ರ ಪಾಲನೆಯಾಗಲಿಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಆ ಮೂರು ದಿನ ಯಾವ ಓದುಗನೂ ಪುಸ್ತಕ ಹುಡುಕುವುದರಲ್ಲಿ ಒಂದು ನಿಮಿಷವನ್ನೂ ಕಳೆಯಲಿಲ್ಲ.

ರಂಗನಾಥನ್ ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಈ ವಿದ್ಯೆಯ ಗಂಧವೂ ಇರಲಿಲ್ಲವಾದ್ದರಿಂದ ಲಂಡನ್ನಿಗೆ ಹೋಗಿ, ಅಲ್ಲಿನ ಗ್ರಂಥಾಲಯಗಳು ನಡೆಯುವ ರೀತಿಯನ್ನು ಕಣ್ಣಾರೆ ಕಂಡು ಕಲಿತು ಬಂದರು. ಗ್ರಂಥಾಲಯದ ಕೆಲಸವನ್ನು ಗ್ರಂಥಾಲಯದಲ್ಲಿ ಕಲಿಯುವುದೆಂಬ ಈ ಹಳೆಯ ಪದ್ಧತಿಯನ್ನು ನಮ್ಮ ಕಾಲ ಕೈಬಿಟ್ಟಿದೆ. ತರಬೇತಿ ನಡೆಯುವ ಸಭಾಂಗಣದ ಕಣ್ಣಳತೆಯಲ್ಲಿ ಪುಸ್ತಕವಾಗಲಿ ಓದುಗನಾಗಲಿ ಇರಬಾರದೆಂಬುದು ಈಗಿನ ಅಲಿಖಿತ ನಿಯಮವಾಗಿದ್ದು, ಇದರಿಂದ ಶಿಬಿರಾರ್ಥಿಗಳ ಏಕಾಗ್ರತೆಗೆ ಭಂಗ ಬರುವುದು ತಪ್ಪುತ್ತದೆ.

ಕೆಲಸಕ್ಕೆ ಬಾರದ ಸಂಗತಿಗಳನ್ನು ಕಲಿಸುವ ಚಾಳಿ ಹಿಂದೆಯೂ ಇತ್ತಲ್ಲ ಎಂದು ಯಾರಾದರೂ ವಾದಿಸಬಹುದು. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ದಶಮಾಂಶ ವರ್ಗೀಕರಣವನ್ನು ರೂಪಿಸಿದ ಮೆಲ್ವಿಲ್ ಡ್ಯೂಯಿ 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರ ಶಾಲೆಯನ್ನು ತೆರೆದರು. ಆ ಕಾಲದ ಇಂಥ ಶಾಲೆಗಳಲ್ಲಿ ದೊಡ್ಡ ದೊಡ್ಡ ವಿದ್ಯಾವಂತರನ್ನು ಕೂರಿಸಿ, ಸೂಚಿಪತ್ರದ ಕಾರ್ಡುಗಳ ಮೇಲೆ ಒಂದೇ ಬಗೆಯಲ್ಲಿ ದುಂಡಗೆ ಬರೆಯುವುದನ್ನು ತಿದ್ದಿಸುತ್ತಿದ್ದರು. ಕಾಪಿ ತಿದ್ದುವ ಮಕ್ಕಳಂತೆ ಅವರು ತಿಂಗಳುಗಟ್ಟಲೆ ಅಕ್ಷರ ತಿದ್ದಿದರು. ನಗಬೇಕೆನಿಸಿದರೆ ನಗಬಹುದು, ಆದರೆ ಆ ಕಾರ್ಡನ್ನು ಓದಬೇಕಾದವನೊಬ್ಬನಿದ್ದ ಮತ್ತು ಅವನಿಗೆ ಅದು ತಿಳಿಯಬೇಕಿತ್ತು. ಟೈಪ್‌ರೈಟರು ಬಂದು ಆ ವಿದ್ಯೆಯ ಅಗತ್ಯವನ್ನು ಇಲ್ಲವಾಗಿಸುವವರೆಗೂ ಅದರಿಂದ ಓದುಗನಿಗೆ ನೇರವಾದ ಪ್ರಯೋಜನವಿತ್ತು.

ಈಗಿನ ಶಿಬಿರದ ಎರಡನೆಯ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂದಿನ ವಿಷಯ ಗ್ರಂಥಾಲಯದ ಗಣಕೀಕರಣ. ಕೋಹಾ ಎಂಬುದು ನ್ಯೂಜಿಲೆಂಡಿನ ಒಂದು ಗ್ರಂಥಾಲಯಕ್ಕಾಗಿ ಸಿದ್ಧವಾಗಿ 2000ದಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಪರವಾನಗಿಗೆ ಹಣ ತೆರದೆ ಯಾರು ಬೇಕಾದರೂ ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು, ತಪ್ಪು ಮಾಡಿ, ಅಳಿಸಿ, ಮತ್ತೆ ಮಾಡಿ ಕಲಿಯಬಹುದು. ಅದನ್ನು ಕಲಿಸಲೆಂದೇ ನಡೆದ ಆ ಶಿಬಿರದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಅದು ಸಂಪನ್ಮೂಲ ವ್ಯಕ್ತಿಗಳ ಲ್ಯಾಪ್‌ಟಾಪು. ಅವರು ತಂತ್ರಾಂಶದ ತೆರೆಯ ಚಿತ್ರಗಳನ್ನು ಪವರ್‌ಪಾಯಿಂಟಿನಲ್ಲಿ ಒಂದೊಂದಾಗಿ ತೋರಿಸುತ್ತ, ಚಿತ್ರದ ಕೆಳಗೆ ಬರೆದದ್ದನ್ನು ಗಟ್ಟಿಯಾಗಿ ಓದಿದರು. ಓದು ಬರಹವನ್ನೇ ವೃತ್ತಿಯಾಗಿಸಿಕೊಂಡ ಅರವತ್ತು ಜನರಿಗೆ ಹೀಗೆ ಓದಿ ಹೇಳುವ ಅಗತ್ಯವೇನಿತ್ತೆಂದು ಯಾರೂ ಕೇಳಲಿಲ್ಲ, ಏಕೆಂದರೆ ಪ್ರಶ್ನೋತ್ತರದ ಅವಧಿಯನ್ನು ಉದ್ಘಾಟಕರ ಭಾಷಣ ಮೊದಲ ದಿನವೇ ನುಂಗಿಹಾಕಿತ್ತು. ನೀರಿಲ್ಲದ ಕೊಳದ ದಡದಲ್ಲಿ ಕುಳಿತು ಈಜಿನ ಚಿತ್ರಪಟ ನೋಡಿದವರೆಲ್ಲರಿಗೂ ಸಂಜೆ ಈಜುಗಾರರೆಂಬ ಮಾನ್ಯತೆ ದೊರೆಯಿತು.

ಕೃತಕ ಬುದ್ಧಿಮತ್ತೆ ಮತ್ತು ನಾಳಿನ ಗ್ರಂಥಾಲಯ ಎಂಬ ಉಪನ್ಯಾಸದ ಹೊತ್ತಿಗೆ ಮೈಕು ಕೈಕೊಟ್ಟಿತಂತೆ. ಆ ಬಗ್ಗೆ ಹೆಚ್ಚು ಹೇಳುವುದು ಬೇಡ.

ಇಂಥ ಶಿಬಿರಗಳಿಗೆ ಯಾರನ್ನು ಕಳಿಸಬೇಕೆಂಬುದು ನಾಜೂಕಿನ ಪ್ರಶ್ನೆ. ಚೆನ್ನಾಗಿ ಕೆಲಸ ಮಾಡುವವರನ್ನು ಕಳಿಸಿದರೆ ಕೆಲಸ ನಿಲ್ಲುತ್ತದೆ. ಕಲಿಯಬೇಕಾದ ಹೊಸಬರನ್ನು ಕಳಿಸೋಣವೆಂದರೆ ಹಿರಿಯರಿಗೆ ಅವಮಾನವಾಗುತ್ತದೆ. ಆದ್ದರಿಂದ ಮೂರು ತಿಂಗಳಲ್ಲಿ ನಿವೃತ್ತರಾಗಲಿರುವವರನ್ನು ಮುಂದಿನ ಮೂವತ್ತು ವರ್ಷಗಳ ತಂತ್ರಜ್ಞಾನ ಕಲಿಯಲು ಕಳಿಸುವ ನಡುಹಾದಿಯನ್ನು ಆಡಳಿತ ಕಂಡುಕೊಂಡಿದೆ. ಅವರು ವಿನಯದಿಂದ ಹೋಗಿ ಹಾಜರಿ ಹಾಕಿ, ಎರಡನೆಯ ದಿನವೇ ಹಂಚಲಾಗುವ ಅಭಿಪ್ರಾಯ ಪತ್ರದಲ್ಲಿ ಮೂರನೆಯ ದಿನದ ಉಪನ್ಯಾಸಗಳೂ ಅತ್ಯುತ್ತಮವಾಗಿದ್ದವೆಂದು ಗುರುತು ಹಾಕಿ, ಪ್ರಮಾಣಪತ್ರದೊಂದಿಗೆ ಹಿಂದಿರುಗುತ್ತಾರೆ. ಆ ವರ್ಷದ ವರದಿಯಲ್ಲಿ ತರಬೇತಿ ಪಡೆದ ಸಿಬ್ಬಂದಿಯ ಸಂಖ್ಯೆ ಒಂದು ಏರುತ್ತದೆ, ಸಿಬ್ಬಂದಿಯ ಸಂಖ್ಯೆ ಒಂದು ಇಳಿಯುತ್ತದೆ. ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಮುದ್ರಿಸುವುದರಿಂದ ಗೊಂದಲವಾಗುವುದಿಲ್ಲ.

ಮೂರು ದಿನ ಕಳೆದು ಬಾಗಿಲು ತೆರೆದಾಗ ನಾನು ಹುಡುಕುತ್ತಿದ್ದ ಪುಸ್ತಕವನ್ನು ಕೇಳಿದೆ. ಅದು ಕಪಾಟಿನಲ್ಲಿದೆಯೆಂದು ಕಂಪ್ಯೂಟರು ಹೇಳಿತು, ಕಪಾಟಿನಲ್ಲಿ ಅದು ಇರಲಿಲ್ಲ. ತಪ್ಪು ಜಾಗದಲ್ಲಿ ಕುಳಿತ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮವೆಂಬುದು ಈ ವೃತ್ತಿಯವರೆಲ್ಲರೂ ಬಲ್ಲ ಮಾತು. ಗ್ರಂಥಪಾಲಕರು ನನಗೆ ಪ್ರಮಾಣಪತ್ರವನ್ನು ತೋರಿಸಿದರು. ಅದು ಬೇಗ ಸಿಕ್ಕಿತು. ಅಷ್ಟರಲ್ಲಿ ಪುಸ್ತಕಗಳನ್ನು ಕಪಾಟಿಗೆ ಮರಳಿಸುವ ಸಹಾಯಕಿ ಬಂದು, ಅದು ಕೆಂಪು ರಟ್ಟಿನದಲ್ಲವೇ ಎಂದು ಕೇಳಿ, ಮೂರು ಸಾಲು ದಾಟಿ, ಗಣಿತದ ಪುಸ್ತಕಗಳ ನಡುವಿನಿಂದ ಆ ಕವಿತೆಗಳ ಪುಸ್ತಕವನ್ನು ತೆಗೆದುಕೊಟ್ಟರು. ಗಣಿತದ ಸಂಖ್ಯೆಯಾದ 510ರ ಮೊದಲ ಅಂಕಿಯನ್ನು ಜನ ಅವಸರದಲ್ಲಿ 8 ಎಂದು ಓದುತ್ತಾರೆ, ಹಾಗಾಗಿ ಸಾಹಿತ್ಯ ವಿಭಾಗದ 810ರ ಪುಸ್ತಕಗಳು ಆಗಾಗ ಅಲ್ಲಿಗೆ ಹೋಗಿ ಸೇರುತ್ತವೆ ಎಂದು ವಿವರಿಸಿದರು.

‘ನೀವು ತರಬೇತಿಗೆ ಹೋಗಲಿಲ್ಲವೇ ಅಮ್ಮಾ?’ ಎಂದು ಕೇಳಿದೆ. ಹನ್ನೊಂದು ವರ್ಷಗಳಿಂದ ಅರ್ಜಿ ಹಾಕುತ್ತಿರುವುದಾಗಿ ಹೇಳಿದರು. ಅರ್ಜಿಯಲ್ಲಿ ಈ ಹಿಂದೆ ಪಡೆದ ತರಬೇತಿಗಳ ವಿವರ ಎಂಬ ಕಡ್ಡಾಯವಾದ ಕಲಮು ಒಂದಿದ್ದು, ಅದನ್ನು ಖಾಲಿ ಬಿಟ್ಟವರ ಅರ್ಜಿ ಅಪೂರ್ಣವೆಂದು ತಿರಸ್ಕೃತವಾಗುತ್ತದಂತೆ.

ಮುಂದಿನ ಶಿಬಿರದ ಆದೇಶ ಈಗಾಗಲೇ ಬಂದಿದೆ. ಹಿಂದಿನ ತರಬೇತಿಗಳ ಪರಿಣಾಮವನ್ನು ಅಳೆಯುವುದು ಹೇಗೆಂಬುದು ಈ ಸಲದ ವಿಷಯವಾದ್ದರಿಂದ ಮೂರು ದಿನ ಸಾಲದೆ ಐದು ದಿನ ಗೊತ್ತುಮಾಡಿದ್ದಾರೆ. ಬಾಗಿಲಿಗೆ ಅಂಟಿಸಬೇಕಾದ ಚೀಟಿಯನ್ನು ಎಂದಿನಂತೆ ಸಹಾಯಕಿಯ ಕೈಯಿಂದಲೇ ಬರೆಸಿದ್ದಾರೆ. ಅಕ್ಷರಗಳು ದುಂಡಗಿವೆ, ಬೀದಿಯ ಆಚೆಬದಿಯಲ್ಲಿ ನಿಂತೂ ಓದಬಹುದು.