ಉಣಗೋಲಿಗೂ ಪೇಟೆಂಟ್ ಇದೆಯೇ?

ನಮ್ಮ ಭಾವನವರು ಆ್ಯಪಲ್ ಕಂಪನಿಯ ಅರ್ಧ ಷೇರಿನ ಒಡೆಯರು. ಅಮೆರಿಕದ ಷೇರನ್ನು ಈಗ ಮೊಬೈಲಿನಲ್ಲೇ ತುಂಡು ಲೆಕ್ಕದಲ್ಲಿ ಕೊಳ್ಳಬಹುದು, ಸಂತೆಯಲ್ಲಿ ಅರ್ಧ ಹಲಸಿನಹಣ್ಣು ಕೊಂಡಂತೆ. ಅಂದಿನಿಂದ ಅವರ ಬಾಯಲ್ಲಿ ಅದು ‘ನಮ್ಮ ಕಂಪನಿ’.

ಮೊನ್ನೆ ರಾಶಿ ಇಡಿ ಅಡಿಕೆಯ ದರ ಕೇಳಲೆಂದು ಶಿವಮೊಗ್ಗದ ಮಂಡಿಗೆ ಬಂದವರು ಆ್ಯಪಲ್ ಮತ್ತು ಸ್ಯಾಮ್‌ಸಂಗ್ ನಡುವಿನ ಹಳೆಯ ಪೇಟೆಂಟ್ ವ್ಯಾಜ್ಯದ ಚರ್ಚೆಗೆ ಕುಳಿತೇಬಿಟ್ಟರು. ಎದುರಿಗೆ ಇನ್ನಿಬ್ಬರು ಹೂಡಿಕೆದಾರರು. ಒಬ್ಬರದು ಕಾಲು ಷೇರು. ಇನ್ನೊಬ್ಬರದು ಇನ್ನೂ ಮಗನ ಜೊತೆ ಮಾತುಕತೆಯ ಹಂತದಲ್ಲಿದೆ.

“ಕೇಸು ಹಾಕುವ ತಾಕತ್ತಿದ್ದರೇ ಕಂಪನಿ. 2012ರಲ್ಲಿ ನಮ್ಮವರು ಸ್ಯಾಮ್‌ಸಂಗ್ ಮೇಲೆ 105 ಕೋಟಿ ಡಾಲರ್ ಪರಿಹಾರ ಹಾಕಿಸಲಿಲ್ಲವೇ?” ಎಂದರು ಭಾವ.

2012ರಲ್ಲಿ ಭಾವನಿಗಿದ್ದ ಏಕೈಕ ಷೇರು ಎಂದರೆ ತೋಟದ ಪಾಲು. ಅದೂ ಕೋರ್ಟಿನಲ್ಲಿತ್ತು.

2011ರಲ್ಲಿ ಶುರುವಾದ ಆ ಜಗಳದ ಒಂದು ದೊಡ್ಡ ತಕರಾರು, ಫೋನಿನ ಮುಖ ಮೂಲೆ ದುಂಡಾದ ಆಯತವಾಗಿದೆ ಎಂಬುದು. ಒಂದನೇ ತರಗತಿಯಲ್ಲಿ ನನ್ನ ಸ್ಲೇಟಿನ ಕಟ್ಟೂ ಮೂಲೆ ದುಂಡಗೇ ಇತ್ತು. ಮೇಷ್ಟರು ಅದರಿಂದಲೇ ಕುಟ್ಟುತ್ತಿದ್ದರು, ಹಾಗಾಗಿ ಚೆನ್ನಾಗಿ ನೆನಪಿದೆ. ಇನ್ನೊಂದು ಕೇಸು ಇದಕ್ಕಿಂತ ಸೊಗಸು. ಪರದೆಯ ಮೇಲೆ ಬೆರಳು ಸರಿಸಿ ಬೀಗ ತೆರೆಯುವ ವಿದ್ಯೆಯೂ ಆ್ಯಪಲ್‌ನದಂತೆ. ಅದನ್ನೂ ಸೇರಿಸಿ 2014ರಲ್ಲಿ ಜ್ಯೂರಿ 11.96 ಕೋಟಿ ಡಾಲರ್ ಕೊಡಿ ಎಂದಿತು.

ಮಲೆನಾಡಿನ ತೋಟದ ಬಾಯಲ್ಲಿ ಉಣಗೋಲು ಇರುತ್ತದೆ. ಎರಡು ಗೂಟ, ಗೂಟದಲ್ಲಿ ತೂತು, ತೂತಿನಲ್ಲಿ ಬಿದಿರಿನ ಗಳು. ಪಕ್ಕಕ್ಕೆ ಸರಿಸಿದರೆ ದಾರಿ ತೆರೆಯುತ್ತದೆ. ನನ್ನ ಅಜ್ಜ ಸರಿಸುತ್ತಿದ್ದರು, ಅವರ ಅಜ್ಜನೂ ಸರಿಸಿರಬೇಕು. ನಮ್ಮ ಮನೆಯ ಗೌರಿ ಎಂಬ ದನ ಕೋಡಿನಿಂದ ಸರಿಸುವುದನ್ನು ಕಲಿತು ಎಳೆ ಬಾಳೆಯನ್ನೆಲ್ಲ ಮುಗಿಸಿತ್ತು. ಕಾನೂನಿನ ಪ್ರಕಾರ ಗೌರಿಯ ಮೇಲೆ ಎರಡು ದಾವೆ ಹೂಡಬಹುದಿತ್ತು: ಒಂದು ಬಾಳೆಗೆ, ಒಂದು ತಂತ್ರಜ್ಞಾನಕ್ಕೆ.

ಅಷ್ಟರಲ್ಲಿ ಅಡಿಕೆ ತೂಗುತ್ತಿದ್ದ ಗುಮಾಸ್ತ ತಲೆ ಎತ್ತಿದ. “ಅಲ್ಲ ಸ್ವಾಮಿ, ಆಗ ಆ್ಯಪಲ್ ಫೋನಿಗೆ ಚಿಪ್ ಮಾಡಿಕೊಡುತ್ತಿದ್ದವರೂ ಸ್ಯಾಮ್‌ಸಂಗಿನವರೇ ಅಂತೆ?”

“ವ್ಯಾಪಾರ ಬೇರೆ, ವ್ಯಾಜ್ಯ ಬೇರೆ,” ಎಂದರು ಭಾವ, ಗುಮಾಸ್ತನ ಅಜ್ಞಾನಕ್ಕೆ ಮರುಗುತ್ತ.

ಮುಂದಿನ ಕಥೆಯನ್ನು ಅವರು ಬೇಗ ಮುಗಿಸಿದರು, ಹೇಳಿಕೊಳ್ಳುವಂಥದ್ದು ಉಳಿದಿರಲಿಲ್ಲ. ವಿನ್ಯಾಸ ನಕಲಾದರೆ ಇಡೀ ಫೋನಿನ ಲಾಭವನ್ನೇ ಕೊಡಬೇಕೆಂದೇನಿಲ್ಲ, ಬಿಡಿಭಾಗದ ಲೆಕ್ಕವೂ ಆಗಬಹುದು ಎಂದು 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಒಂದು ಅಡಿಕೆ ಕೊನೆ ಕದ್ದವನಿಂದ ತೋಟವನ್ನೇ ಬರೆಸಿಕೊಳ್ಳಬೇಕಿಲ್ಲ ಎಂದ ಹಾಗೆ. 2018ರ ಮೇ ತಿಂಗಳಲ್ಲಿ ಮೊದಲ ಕೇಸಿಗೆ ಹೊಸ ಜ್ಯೂರಿ 53.9 ಕೋಟಿ ಡಾಲರ್ ಎಂದಿತು. ಜೂನ್‌ನಲ್ಲಿ ಇಬ್ಬರೂ ರಾಜಿಯಾದರು. ಎಷ್ಟಕ್ಕೆ ಎಂದು ಯಾರಿಗೂ ಹೇಳಲಿಲ್ಲ.

“ನಮಗೂ ತಿಳಿಸಲಿಲ್ಲ,” ಎಂದರು ಅರ್ಧ ಷೇರಿನ ಒಡೆಯರು, ತುಸು ನೊಂದು.

ನಂತರ ಗಡಿಯಾರ ನೋಡಿ ಗಡಿಬಿಡಿಯಿಂದ ಎದ್ದರು. ಮರುದಿನ ಸಾಗರದ ಕೋರ್ಟಿನಲ್ಲಿ ತಮ್ಮನ ಜೊತೆಗಿನ ಬೇಲಿ ಕೇಸಿನ ವಾಯಿದೆ. ತಕರಾರು ಎರಡು ಅಡಿ ಜಾಗದ್ದು, ವಯಸ್ಸು ಹತ್ತೊಂಬತ್ತು ವರ್ಷ.

“ಬಸ್ಸಿಗೆ ಹೋಗುತ್ತೀರಾ ಭಾವ?” ಎಂದೆ.

“ಬಸ್ಸು ಯಾಕೆ? ತಮ್ಮನ ಜೀಪಿದೆಯಲ್ಲ. ಡೀಸೆಲ್ ಅರ್ಧರ್ಧ.”