ಮೆದುಳು ಜ್ವರ: ತಾಯಿ ಕಾರ್ಡ್ ಒಮ್ಮೆ ತೆಗೆದು ನೋಡಿ

ಮೆದುಳು ಜ್ವರದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಮನೆ ಸುತ್ತ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು ಎಂದಿದ್ದೀರಲ್ಲ, ಅದು ಡೆಂಗಿಗೆ ಸರಿ. ಮೆದುಳು ಜ್ವರದ ಒಂದು ಬಗೆಯಾದ ಜಪಾನೀಸ್ ಎನ್‌ಸೆಫಲೈಟಿಸ್ ಹರಡುವ ಕ್ಯೂಲೆಕ್ಸ್ ಸೊಳ್ಳೆ ಜಾಸ್ತಿ ಹುಟ್ಟುವುದು ನೀರು ನಿಂತ ಭತ್ತದ ಗದ್ದೆಯಲ್ಲಿ, ಕಚ್ಚುವುದು ಹೊತ್ತು ಮುಳುಗಿದ ಮೇಲೆ, ವೈರಸ್ ಬೆಳೆಯುವುದು ಹಂದಿ, ಬೆಳ್ಳಕ್ಕಿಗಳ ಮೈಯಲ್ಲಿ. ಗದ್ದೆ ಒಣಗಿಸು ಅಂತ ರೈತನಿಗೆ ಹೇಳೋಕಾಗುತ್ತಾ? ಹಾಗಾಗಿ ಲಸಿಕೆಯೇ ದೊಡ್ಡ ಆಸರೆ. ಈ ಕಾಯಿಲೆ ಇರುವ ಜಿಲ್ಲೆಗಳಲ್ಲಿ 9 ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಡೋಸ್ ಉಚಿತವಾಗಿ ಕೊಡುತ್ತಾರೆ. ತಾಯಿ ಕಾರ್ಡ್ ತೆಗೆದು ನೋಡಿ, ಎರಡನೆಯದು ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಮೆದುಳಿಗೆ ಏರಿದರೆ ಈ ವೈರಸ್ಸನ್ನು ಕೊಲ್ಲುವ ಔಷಧಿಯೇ ಇಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಜ್ವರ ಬಿಟ್ಟ ಮೇಲೆ ಚಮಚ ಹಿಡಿಯುವುದನ್ನೂ ಮೊದಲಿಂದ ಕಲಿಯಬೇಕಾಯಿತು.

ಇನ್ನೊಂದು ಮಾತು. ಜ್ವರದ ಮಗು ಮಂಕಾದರೆ, ಫಿಟ್ಸ್ ಬಂದರೆ ತಾಯಿತ ಕಟ್ಟಿಸಿಕೊಂಡು ಸುಮ್ನೆ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಪರೀಕ್ಷೆಗೆಂದು ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತೆ ಅಂತ ಹೆದರಿ ಬೇಡ ಅನ್ನುವವರು ತುಂಬಾ ಜನ, ಆದರೆ ಕಾಯಿಲೆ ಬ್ಯಾಕ್ಟೀರಿಯಾದಿಂದ ಬಂದ ಮೆನಿಂಜೈಟಿಸ್ಸಾ (ಮೆದುಳಿನ ಪೊರೆಯ ಉರಿಯೂತ) ಅಂತ ಗೊತ್ತಾಗುವುದೇ ಆ ಪರೀಕ್ಷೆಯಿಂದ, ಹಾಗಿದ್ದರೆ ಆಂಟಿಬಯೋಟಿಕ್ ಬೇಗ ಕೊಟ್ಟು ಮಗುವನ್ನು ಉಳಿಸಬಹುದು.